ಕಾಡಿನಲ್ಲಿ 24 ಗಂಟೆ: ರೋಗೇನಿಂಗ್ ಕ್ಲಬ್ ನಡೆಯುವ ಬಗೆ

ಭಾನುವಾರ ಬೆಳಗಿನ ಜಾವ ಮೂರು ಗಂಟೆ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಒಂದು ನೀಲಗಿರಿ ಕಾಡಿನ ಅಂಚು. ಅಲ್ಲೊಂದು ದೊಡ್ಡ ಟೆಂಟ್, ಅದರೊಳಗೆ ಗ್ಯಾಸ್ ಒಲೆ, ಒಲೆಯ ಮೇಲೆ ಬೇಳೆ ಸೂಪಿನ ದೊಡ್ಡ ಪಾತ್ರೆ. ಹೊರಗೆ ಮೈ ಕೊರೆಯುವ ಚಳಿ. ಎದುರಿನ ಗುಡ್ಡದ ಮೇಲೆ ಎರಡು ಪುಟ್ಟ ಬೆಳಕು ಕಾಣುತ್ತವೆ, ಮರೆಯಾಗುತ್ತವೆ, ಮತ್ತೆ ಕಾಣುತ್ತವೆ. ಸ್ವಲ್ಪ ಹೊತ್ತಿಗೆ ಇಬ್ಬರು ಟೆಂಟಿನೊಳಗೆ ಬರುತ್ತಾರೆ. ಪ್ಯಾಂಟಿಗೆಲ್ಲ ಹುಲ್ಲುಮುಳ್ಳು, ಬೂಟಿಗೆ ಕೆಸರು. ಬಿಸಿ ಸೂಪ್ ಕುಡಿದು, ಮ್ಯಾಪ್ ಬಿಡಿಸಿ, ತಲೆಗೆ ತಲೆ ಹಚ್ಚಿ ಏನೋ ಲೆಕ್ಕ ಹಾಕುತ್ತಾರೆ. ಆಮೇಲೆ ಮತ್ತೆ ಕತ್ತಲೆಗೆ ಹೊರಟುಬಿಡುತ್ತಾರೆ.

ಸೂಪ್ ಬಡಿಸಿದವರು ಕ್ಲಬ್‌ನ ಸಂಬಳದವರಲ್ಲ. ಕಾಡಿನಲ್ಲಿ ಬಾವುಟ ಕಟ್ಟಿದವರು, ಮ್ಯಾಪ್ ಮಾಡಿದವರು ಯಾರಿಗೂ ಸಂಬಳ ಇಲ್ಲ. ಆದರೂ ಆ ರಾತ್ರಿ ಒಂದಿನ್ನೂರು ಜನ ಕಾಡಿನಲ್ಲಿ ಓಡಾಡುತ್ತಿರುತ್ತಾರೆ. ಮರುದಿನ ಮಧ್ಯಾಹ್ನದ ಹೊತ್ತಿಗೆ ಅಷ್ಟೂ ಜನ ವಾಪಸ್ ಬಂದಿರಬೇಕು. ಬೆರಳೆಣಿಕೆಯಷ್ಟು ಜನ ಇಷ್ಟು ದೊಡ್ಡ ಜವಾಬ್ದಾರಿ ಹೇಗೆ ಹೊರುತ್ತಾರೆ? ಮೆಲ್ಬರ್ನ್‌ಗೆ ಬಂದು ಈ ಆಟ ಶುರು ಮಾಡಿದಾಗ ನನಗೆ ಈ ಪ್ರಶ್ನೆ ಹೊಳೆದೇ ಇರಲಿಲ್ಲ. ಕ್ಲಬ್ ಕೆಲಸಕ್ಕೆ ಕೈಹಾಕಿದ ಮೇಲೆ ಗೊತ್ತಾಯಿತು. ಅರ್ಧ ಕಾವಲನ್ನು ಆಟದ ನಿಯಮಗಳೇ ಕಾಯುತ್ತವೆ. ಉಳಿದರ್ಧ ಕಾಯುವವರು ಸರದಿಯ ಮೇಲೆ ಬಂದು ದುಡಿಯುವ ಜನ.

ಆಟದ ಹೆಸರು ರೋಗೇನಿಂಗ್. ನಮ್ಮ 'ರೋಗ'ಕ್ಕೂ ಇದಕ್ಕೂ ಸಂಬಂಧ ಇಲ್ಲ. ರಾಡ್ ಫಿಲಿಪ್ಸ್, ಗೇಲ್ ಡೇವಿಸ್, ನೀಲ್ ಫಿಲಿಪ್ಸ್ ಎಂಬ ಮೂವರ ಹೆಸರಿನ ಮೊದಲ ಅಕ್ಷರಗಳನ್ನು ಕೂಡಿಸಿ ಕಟ್ಟಿದ ಪದ ಇದು. ಆಟದ ಬೇರು ಇನ್ನೂ ಹಿಂದಿನದು. ಮೆಲ್ಬರ್ನ್ ವಿಶ್ವವಿದ್ಯಾಲಯದ ಪರ್ವತಾರೋಹಣ ಕ್ಲಬ್‌ನ ಹುಡುಗರು 1947ರಲ್ಲೇ 24 ಗಂಟೆಯ ನಡಿಗೆ ಸ್ಪರ್ಧೆ ನಡೆಸಿದ್ದರು. 1976ರಲ್ಲಿ ವಿಕ್ಟೋರಿಯನ್ ರೋಗೇನಿಂಗ್ ಅಸೋಸಿಯೇಷನ್ ಹುಟ್ಟಿತು. ಈ ಆಟಕ್ಕೆಂದೇ ಕಟ್ಟಿದ ಜಗತ್ತಿನ ಮೊದಲ ಸಂಘ ಅದು. ಆಮೇಲೆ ಆಸ್ಟ್ರೇಲಿಯಾದ ಬೇರೆ ರಾಜ್ಯಗಳಲ್ಲೂ ಅಂಥ ಸಂಘಗಳು ಎದ್ದವು. 1989ರಲ್ಲಿ ಅಂತರರಾಷ್ಟ್ರೀಯ ಒಕ್ಕೂಟ ಬಂತು. 1992ರಲ್ಲಿ ಮೊದಲ ವಿಶ್ವ ಚಾಂಪಿಯನ್‌ಶಿಪ್ ವಿಕ್ಟೋರಿಯಾದ ಬೀಚ್‌ವರ್ತ್ ಹತ್ತಿರವೇ ನಡೆಯಿತು.

ಆಟ ಹೀಗಿದೆ. ಇಬ್ಬರಿಂದ ಐವರವರೆಗೆ ಒಂದು ತಂಡ. ನೂರು ಚದರ ಕಿಲೋಮೀಟರ್‌ಗಿಂತ ಜಾಸ್ತಿ ಇರಬಹುದಾದ ಕಾಡು, ಬಯಲು, ಗುಡ್ಡ. ಅದರಲ್ಲಿ ಅಲ್ಲಲ್ಲಿ ಐವತ್ತು ಅರವತ್ತು ಕಡೆ ಕಿತ್ತಳೆ-ಬಿಳಿ ಬಣ್ಣದ ಬಾವುಟ ನೇತುಹಾಕಿರುತ್ತಾರೆ. ಇವಕ್ಕೆ ಕಂಟ್ರೋಲ್ ಅಥವಾ ಚೆಕ್‌ಪಾಯಿಂಟ್ ಅನ್ನುತ್ತಾರೆ. ಹತ್ತಿರದ, ಸುಲಭದ ಬಾವುಟಕ್ಕೆ ಕಡಿಮೆ ಅಂಕ, ದೂರದ, ಕಷ್ಟದ ಬಾವುಟಕ್ಕೆ ಜಾಸ್ತಿ. ಆಸ್ಟ್ರೇಲಿಯಾದಲ್ಲಿ ಸಾಮಾನ್ಯವಾಗಿ ಬಾವುಟದ ನಂಬರಿನಲ್ಲೇ ಅಂಕ ಅಡಗಿರುತ್ತದೆ. ನಂಬರ್ 75 ಅಂದರೆ 70 ಅಂಕ, ನಂಬರ್ 32 ಅಂದರೆ 30 ಅಂಕ. ಆಟ ಶುರುವಾಗುವ ಎರಡು ಮೂರು ಗಂಟೆ ಮೊದಲಷ್ಟೇ ಮ್ಯಾಪ್ ಕೈಗೆ ಸಿಗುತ್ತದೆ. ತಂಡದವರು ನೆಲದ ಮೇಲೆ ಮ್ಯಾಪ್ ಹಾಸಿ, ದಾರ ಇಟ್ಟು ದೂರ ಅಳೆದು, ಯಾವ ದಾರಿ ಹಿಡಿದರೆ ಲಾಭ ಅಂತ ಯೋಚಿಸುತ್ತಾರೆ. ಯಾವ ಬಾವುಟಕ್ಕೆ ಮೊದಲು ಹೋಗಬೇಕು, ಯಾವುದನ್ನು ಬಿಡಬೇಕು, ಎಲ್ಲ ಅವರವರ ಇಷ್ಟ. ಶನಿವಾರ ಮಧ್ಯಾಹ್ನ 12ಕ್ಕೆ ಹೊರಟು ಭಾನುವಾರ ಮಧ್ಯಾಹ್ನ 12ರೊಳಗೆ ವಾಪಸ್ ಬರಬೇಕು. ಯಾರ ಅಂಕ ಜಾಸ್ತಿಯೋ ಅವರು ಗೆದ್ದರು.

ಪೂರ್ತಿ ಆಟ 24 ಗಂಟೆಯದು. ಮೂರು, ಆರು, ಎಂಟು, ಹನ್ನೆರಡು ಗಂಟೆಯ ಆಟಗಳೂ ಇವೆ. ಗೆಲ್ಲುವ ತಂಡಗಳು 24 ಗಂಟೆಯಲ್ಲಿ ನೂರು ಕಿಲೋಮೀಟರ್ ದಾಟಿಬಿಡುತ್ತವೆ. ನನ್ನಂಥವರು ಮೂವತ್ತು ನಲವತ್ತು ಕಿಲೋಮೀಟರ್ ನಡೆದು, ನಡುವೆ ನಾಲ್ಕು ಗಂಟೆ ಟೆಂಟಿನಲ್ಲಿ ಮಲಗಿ, ಬೆಳಗಾದ ಮೇಲೆ ಮತ್ತೆ ಹೊರಡುತ್ತೇವೆ. ಇಬ್ಬರ ಕೈಯಲ್ಲೂ ಇರುವುದು ಒಂದೇ ಮ್ಯಾಪ್. ಕ್ಲಬ್ ಲೆಕ್ಕದಲ್ಲಿ ಇದು ದೊಡ್ಡ ಮಾತು. ಹೊಸಬರಿಗೆ ಒಂದು ದಾರಿ, ಪಳಗಿದವರಿಗೆ ಇನ್ನೊಂದು ದಾರಿ ಅಂತ ಎರಡೆರಡು ಸಲ ಕೆಲಸ ಮಾಡುವ ತಾಪತ್ರಯ ಇಲ್ಲ. ಇಂತಿಷ್ಟು ದೂರ ಮುಗಿಸಲೇಬೇಕು ಅನ್ನುವುದೂ ಇಲ್ಲ. ಹಾಗಾಗಿ ಯಾರೂ ಅರ್ಧಕ್ಕೆ ಬಿಟ್ಟು ಬಂದ ಹಾಗಾಗುವುದಿಲ್ಲ. ಸುಸ್ತಾದವರು ವಾಪಸ್ ಬರುತ್ತಾರೆ, ಅಷ್ಟೇ. ಸೋಲಿನ ಭಯಕ್ಕೆ ಮೊಂಡು ಹಿಡಿದು ಕಾಡಿನಲ್ಲೇ ಉಳಿಯುವವರು ಕಡಿಮೆ.

ಉಳಿದ ನಿಯಮಗಳನ್ನೂ ಇದೇ ಕಣ್ಣಿನಿಂದ ನೋಡಿ. ಒಂಟಿಯಾಗಿ ಆಡುವ ಹಾಗಿಲ್ಲ. ಯಾಕೆ? ಒಬ್ಬರ ಕಾಲು ಮುರಿದರೆ ಸುದ್ದಿ ತರಲು ಇನ್ನೊಬ್ಬರು ಬೇಕು. ತಂಡದವರು ಪರಸ್ಪರ ಮಾತು ಕೇಳಿಸುವಷ್ಟು ಹತ್ತಿರ ಇರಲೇಬೇಕು. ಚುರುಕಿನವರು ಗುಡ್ಡ ಹತ್ತಿ ಬಾವುಟ ಮುಟ್ಟಿ ಬರಲಿ, ಉಳಿದವರು ಕೆಳಗೆ ಕೂತಿರಲಿ ಅನ್ನುವಂತಿಲ್ಲ. ಎಲ್ಲರೂ ಒಟ್ಟಿಗೆ ಬಾವುಟದ ಹತ್ತಿರ ಹೋಗಬೇಕು. ಇದನ್ನು ಖಾತ್ರಿ ಮಾಡಲು ಪ್ರತಿಯೊಬ್ಬರ ಮಣಿಕಟ್ಟಿಗೂ ಒಂದು ಎಲೆಕ್ಟ್ರಾನಿಕ್ ಟ್ಯಾಗ್ ಕಟ್ಟುತ್ತಾರೆ. ಪಟ್ಟಿ ಕತ್ತರಿಸದೆ ಅದನ್ನು ಬಿಚ್ಚಲು ಬರುವುದಿಲ್ಲ. ಬಾವುಟದ ಪಕ್ಕದ ಪುಟ್ಟ ಯಂತ್ರಕ್ಕೆ ಟ್ಯಾಗ್ ತಾಗಿಸಿದರೆ ದೀಪ ಮಿನುಗುತ್ತದೆ, ಸಮಯ ದಾಖಲಾಗುತ್ತದೆ.

ತಡವಾಗಿ ಬಂದರೆ ನಿಮಿಷಕ್ಕೆ 10 ಅಂಕ ಕಡಿತ. ಅರ್ಧ ಗಂಟೆಗಿಂತ ತಡವಾದರೆ ಇಡೀ ದಿನದ ಅಂಕ ಹೋಯಿತು. ಮೊದಮೊದಲು ನನಗೆ ಇದು ಅತಿಯಾಯಿತು ಅನ್ನಿಸಿತ್ತು. ಈಗ ಹಾಗನ್ನಿಸುವುದಿಲ್ಲ. ಈ ನಿಯಮ ಇರುವುದರಿಂದಲೇ 12:30ಕ್ಕೆ ಕ್ಲಬ್‌ನವರಿಗೆ ಒಂದು ಸ್ಪಷ್ಟ ಪಟ್ಟಿ ಸಿಗುತ್ತದೆ. ಇನ್ನೂ ಬಾರದವರು ಅಂಕದ ಆಸೆಗೆ ಉಳಿದಿಲ್ಲ, ಅವರಿಗೆ ಏನೋ ತೊಂದರೆಯಾಗಿದೆ ಅಂತ ಧೈರ್ಯವಾಗಿ ತೀರ್ಮಾನಿಸಬಹುದು. ಗಡುವು ಸಡಿಲ ಇದ್ದಿದ್ದರೆ ಹುಡುಕಲು ಹೊರಡಬೇಕೋ, ಇನ್ನೂ ಕಾಯಬೇಕೋ ಅನ್ನುವುದರಲ್ಲೇ ಸಂಜೆಯಾಗಿಬಿಡುತ್ತಿತ್ತು.

ಪ್ರತಿಯೊಬ್ಬರ ಕೊರಳಿಗೂ ಸೀಟಿ ಕಡ್ಡಾಯ. ಯಾರಾದರೂ ಗಾಯಗೊಂಡಿದ್ದು ಕಂಡರೆ ಆಟ ಬಿಟ್ಟು ನೆರವಾಗಬೇಕು, ಅದೂ ನಿಯಮವೇ. ಅಂದರೆ ಕಾಡಿನಲ್ಲಿರುವ ಇನ್ನೂರು ಜನರೂ ಒಬ್ಬರಿಗೊಬ್ಬರು ಕಾವಲುಗಾರರು. ಹದಿನಾಲ್ಕು ವರ್ಷದೊಳಗಿನ ಮಕ್ಕಳು ಆಡಬಹುದು, ಆದರೆ ತಂಡದಲ್ಲಿ ದೊಡ್ಡವರೊಬ್ಬರು ಇರಲೇಬೇಕು.

ಜಿಪಿಎಸ್ ಬಳಸುವಂತಿಲ್ಲ. ಮ್ಯಾಪ್ ಮತ್ತು ದಿಕ್ಸೂಚಿ ಮಾತ್ರ. ಇಲ್ಲೇ ನಮ್ಮ ಕಡೆಯಿಂದ ಬಂದವರು ಎಡವುವುದು. ನನ್ನ ಕಥೆಯನ್ನೇ ಹೇಳುತ್ತೇನೆ. ಊರಿನಲ್ಲಿ ಚಾರಣ ಮಾಡಿ ಅಭ್ಯಾಸ ಇತ್ತು, ದಿಕ್ಕು ತಪ್ಪುವುದಿಲ್ಲ ಅನ್ನುವ ಧೈರ್ಯವೂ ಇತ್ತು. ಮೊದಲ ಆಟದ ಮಧ್ಯಾಹ್ನ ಸೂರ್ಯನನ್ನು ನೋಡಿ ದಕ್ಷಿಣ ಅಂದುಕೊಂಡು ನಡೆದೆ. ಸರಿಯಾಗಿ ಉಲ್ಟಾ ಹೋಗಿದ್ದೆ. ದಕ್ಷಿಣಾರ್ಧಗೋಳದ ಈ ಭಾಗದಲ್ಲಿ ನಡುಮಧ್ಯಾಹ್ನದ ಸೂರ್ಯ ಉತ್ತರಕ್ಕಿರುತ್ತಾನೆ. ತಲೆಗೆ ಇದು ಗೊತ್ತು, ಕಾಲಿಗೆ ಗೊತ್ತಿಲ್ಲ. ರಾತ್ರಿಯಾದರೆ ಧ್ರುವ ನಕ್ಷತ್ರ ಕಾಣುವುದೇ ಇಲ್ಲ. ಅದರ ಬದಲು ನೆತ್ತಿಯ ಹತ್ತಿರ ಹೊಳೆಯುವುದು ಸದರ್ನ್ ಕ್ರಾಸ್. ನಾವು ತ್ರಿಶಂಕು ಅನ್ನುವ ನಕ್ಷತ್ರಗಳು ಅವೇ. ಊರಿನಲ್ಲಿ ಬೇಸಿಗೆಯ ರಾತ್ರಿ ದಕ್ಷಿಣದ ದಿಗಂತಕ್ಕೆ ಅಂಟಿಕೊಂಡಂತೆ ಕಾಣುತ್ತಿದ್ದವು ಇಲ್ಲಿ ಇಷ್ಟು ಮೇಲೆ ಬಂದಿವೆಯಲ್ಲ ಅಂತ ಆ ರಾತ್ರಿ ನಿಂತು ನೋಡಿದ್ದೆ. ಶಿಲುಬೆಯ ಉದ್ದನೆಯ ಗೆರೆಯನ್ನು ಅದರ ಬುಡದ ಕಡೆಗೆ ನಾಲ್ಕೂವರೆ ಪಟ್ಟು ಎಳೆದರೆ ದಕ್ಷಿಣ ಧ್ರುವದ ಜಾಗ ಸಿಗುತ್ತದೆ.

ದಿಕ್ಸೂಚಿಯ ತಾಪತ್ರಯ ಇನ್ನೊಂದು. ಕರ್ನಾಟಕದಲ್ಲಿ ದಿಕ್ಸೂಚಿಯ ಮುಳ್ಳು ತೋರಿಸುವ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಇರುವ ಅಂತರ ತುಂಬ ಕಡಿಮೆ. ಎರಡು ಡಿಗ್ರಿಯ ಆಸುಪಾಸು. ಅದನ್ನು ಮರೆತರೂ ನಡೆಯುತ್ತದೆ. ಮೆಲ್ಬರ್ನ್ ಕಡೆ ಅದು 11-12 ಡಿಗ್ರಿ ಪೂರ್ವಕ್ಕೆ. ಇದನ್ನು ಮರೆತು ಒಂದು ಕಿಲೋಮೀಟರ್ ನಡೆದರೆ ಸುಮಾರು 200 ಮೀಟರ್ ಪಕ್ಕಕ್ಕೆ ಹೋಗಿಬಿಟ್ಟಿರುತ್ತೀರಿ. ಕತ್ತಲಲ್ಲಿ 200 ಮೀಟರ್ ಅಂದರೆ ಬೇರೆ ಹಳ್ಳದಲ್ಲಿ ಇಳಿದ ಹಾಗೆಯೇ. ಭೂಮಿಯ ಕಾಂತಕ್ಷೇತ್ರದ ಓರೆಯೂ ಇಲ್ಲಿ ಬೇರೆ. ಉತ್ತರದ ದೇಶಗಳಿಗೆ ಅಂತ ತೂಗಿ ಮಾಡಿದ ದಿಕ್ಸೂಚಿಯ ಮುಳ್ಳು ಇಲ್ಲಿ ಒಂದು ತುದಿ ವಾಲಿ ಡಬ್ಬಿಗೆ ಉಜ್ಜುತ್ತದೆ. ಅದಕ್ಕೇ ದಕ್ಷಿಣಕ್ಕೆ ಹೊಂದುವ ದಿಕ್ಸೂಚಿ ಬೇರೆ ಸಿಗುತ್ತದೆ.

ಹೊಸಬರು ಈ ಡಿಗ್ರಿಯ ಲೆಕ್ಕದಲ್ಲಿ ಸಿಕ್ಕಿಬೀಳಬಾರದು ಅಂತ ಕ್ಲಬ್‌ನವರು ಒಂದು ಉಪಾಯ ಮಾಡುತ್ತಾರೆ. ಮ್ಯಾಪಿನ ಮೇಲಿನ ಉದ್ದುದ್ದ ಗೆರೆಗಳನ್ನು ನಿಜವಾದ ಉತ್ತರಕ್ಕಲ್ಲ, ದಿಕ್ಸೂಚಿ ತೋರಿಸುವ ಉತ್ತರಕ್ಕೇ ಹೊಂದಿಸಿ ಎಳೆಯುತ್ತಾರೆ. ದಿಕ್ಸೂಚಿಯ ಮುಳ್ಳನ್ನು ಗೆರೆಗೆ ಸಮ ಮಾಡಿದರೆ ಸಾಕು, ಕೂಡುವುದು ಕಳೆಯುವುದು ಏನೂ ಬೇಡ. ಮ್ಯಾಪ್ ಸಾಮಾನ್ಯವಾಗಿ 1:25,000 ಅಳತೆಯದು. ಅಂದರೆ ಮ್ಯಾಪಿನ ನಾಲ್ಕು ಸೆಂಟಿಮೀಟರ್ ನೆಲದ ಮೇಲೆ ಒಂದು ಕಿಲೋಮೀಟರ್. ಸರ್ಕಾರದ ಭೂಮಾಹಿತಿಯನ್ನು ತೆಗೆದುಕೊಂಡು ಕ್ಲಬ್‌ನವರೇ ಕಂಪ್ಯೂಟರಿನಲ್ಲಿ ಮ್ಯಾಪ್ ಕಟ್ಟುತ್ತಾರೆ. ಆಮೇಲೆ ಕಾಡಿಗೆ ಹೋಗಿ ಅದರಲ್ಲಿನ ಕಾಲುದಾರಿ ಈಗಲೂ ಇದೆಯೋ, ಬೇಲಿ ಎಲ್ಲಿದೆ ಅಂತ ನೋಡಿ ತಿದ್ದುತ್ತಾರೆ.

ಇಡೀ ಕ್ಲಬ್‌ನ ಹೃದಯ ಇರುವುದು ಬಾವುಟದ ಜಾಗ ಆರಿಸುವ ಕೆಲಸದಲ್ಲಿ. ಈ ಕೆಲಸ ಮಾಡುವವರಿಗೆ ಸೆಟ್ಟರ್ ಅನ್ನುತ್ತಾರೆ. ಆಟಕ್ಕೆ ಎಷ್ಟೋ ತಿಂಗಳು ಮೊದಲೇ ಅವರು ಶನಿವಾರ ಭಾನುವಾರ ಬಿಡುವು ಮಾಡಿಕೊಂಡು ಕಾಡು ಸುತ್ತಲು ಶುರು ಮಾಡುತ್ತಾರೆ. ಮೊದಲು ಮನೆಯಲ್ಲಿ ಕೂತು ಮ್ಯಾಪಿನ ಮೇಲೆ ನೂರಾರು ಜಾಗ ಗುರುತಿಸುತ್ತಾರೆ. ಆಮೇಲೆ ಒಂದೊಂದಕ್ಕೂ ನಡೆದು ಹೋಗಿ ನೋಡುತ್ತಾರೆ. ಮ್ಯಾಪಿನಲ್ಲಿ ಚೆಂದ ಕಂಡದ್ದು ನೆಲದ ಮೇಲೆ ಬರೀ ಬ್ಲ್ಯಾಕ್‌ಬೆರಿ ಮುಳ್ಳಿನ ಪೊದೆ ಆಗಿರಬಹುದು. ಸರಿ ಕಂಡ ಜಾಗದ ಮರಕ್ಕೆ ಬಣ್ಣದ ರಿಬ್ಬನ್ ಕಟ್ಟಿ ಬರುತ್ತಾರೆ.

ಒಳ್ಳೆಯ ಜಾಗ ಅಂದರೆ ಏನು? ಬಾವುಟ ಬಚ್ಚಿಟ್ಟಿರಬಾರದು. ಇದು ಕಣ್ಣಾಮುಚ್ಚಾಲೆ ಅಲ್ಲ. ಮ್ಯಾಪ್ ಓದಿ ಸರಿಯಾದ ಜಾಗಕ್ಕೆ ಬಂದವರಿಗೆ ಬಾವುಟ ಕಾಣಲೇಬೇಕು, ಅದೃಷ್ಟ ಇದ್ದವರಿಗೆ ಮಾತ್ರ ಸಿಗುವಂತಿರಬಾರದು. ಎರಡು ಹಳ್ಳ ಕೂಡುವ ಜಾಗ, ಗುಡ್ಡದಿಂದ ಚಾಚಿದ ಏಣಿನ ತುದಿ, ಎರಡು ನೆತ್ತಿಗಳ ನಡುವಿನ ತಗ್ಗು. ಹೀಗೆ ನೆಲದ ಆಕಾರವೇ ಹೇಳುವಂಥ ಜಾಗಗಳು ಬೇಕು. ಹಗಲಲ್ಲಿ ಸುಲಭ ಅನ್ನಿಸುವ ಬಾವುಟ ರಾತ್ರಿ ಎಷ್ಟು ಕಷ್ಟ ಅಂತಲೂ ಯೋಚಿಸಬೇಕು. ಒಂದು ಬಾವುಟದಿಂದ ಹೊರಟರೆ ಮುಂದಕ್ಕೆ ಎರಡು ಮೂರು ದಾರಿ ತೆರೆದುಕೊಳ್ಳಬೇಕು. ಎಲ್ಲರೂ ಇರುವೆ ಸಾಲಿನ ಹಾಗೆ ಒಂದೇ ಕಡೆ ಹೋದರೆ ಸೆಟ್ಟರ್ ಸೋತರು ಅಂತ ಅರ್ಥ. ಎಷ್ಟೇ ಗಟ್ಟಿಗರಿದ್ದರೂ ಎಲ್ಲ ಬಾವುಟ ಮುಟ್ಟಿ ಮುಗಿಸಲು ಆಗಬಾರದು. ಆಟ ಶುರುವಾಗಿ ಮುಗಿಯುವ ಬೇಸ್ ಕ್ಯಾಂಪ್ ಹತ್ತಿರ ಮಾತ್ರ ಮಕ್ಕಳ ಜೊತೆ ಬಂದವರಿಗೂ ಸಿಗುವಂಥ ಒಂದಷ್ಟು ಬಾವುಟ ಇರಲೇಬೇಕು.

ಪ್ರತಿ ಬಾವುಟಕ್ಕೂ ಒಂದು ಸಾಲಿನ ವಿವರಣೆ ಇರುತ್ತದೆ. ಇದರಲ್ಲೊಂದು ಸೂಕ್ಷ್ಮ ಇದೆ, ಕನ್ನಡಿಗರು ತಿಳಿದಿರಬೇಕಾದ್ದು. ವಿವರಣೆಯಲ್ಲಿ 'ದಿ ಗಲ್ಲಿ' ಅಂತಿದ್ದರೆ ಆ ಕೊರಕಲು ಮ್ಯಾಪಿನಲ್ಲಿ ಕಾಣುತ್ತದೆ. 'ಎ ಗಲ್ಲಿ' ಅಂತಿದ್ದರೆ ಕೊರಕಲು ನೆಲದ ಮೇಲಿದೆ, ಮ್ಯಾಪಿನಲ್ಲಿಲ್ಲ. ನಮ್ಮ ಭಾಷೆಯಲ್ಲಿ ಈ 'ಎ', 'ದಿ' ಇಲ್ಲವಲ್ಲ, ನಮ್ಮ ಕಣ್ಣು ಅದನ್ನು ದಾಟಿ ಮುಂದಿನ ಪದಕ್ಕೆ ಹೋಗಿಬಿಡುತ್ತದೆ. ನಾನು ಒಮ್ಮೆ ಮ್ಯಾಪಿನಲ್ಲಿ ಇಲ್ಲದ ಬಂಡೆಯನ್ನು ಮ್ಯಾಪಿನಲ್ಲೇ ಹುಡುಕುತ್ತ ಕಾಲು ಗಂಟೆ ನಿಂತಿದ್ದೆ. ಬಂಡೆ ನನ್ನ ಬೆನ್ನ ಹಿಂದೆಯೇ ಇತ್ತು.

ಸೆಟ್ಟರ್ ಕೆಲಸವನ್ನು ಒಬ್ಬರನ್ನೇ ನಂಬಿ ಬಿಡುವುದಿಲ್ಲ. ವೆಟ್ಟರ್ ಅಂತ ಇನ್ನೊಬ್ಬರು ಇರುತ್ತಾರೆ. ಸೆಟ್ಟರ್ ಜೊತೆ ಹೋಗದೆ, ಆಟಗಾರರ ಹಾಗೆ ಬರೀ ಮ್ಯಾಪ್ ಹಿಡಿದು ಪ್ರತಿ ರಿಬ್ಬನ್ನನ್ನೂ ಹುಡುಕಿ ಬರುವುದು ಅವರ ಕೆಲಸ. ನಾನು ಮೊದಲ ಸಲ ವೆಟ್ಟರ್ ಆಗಿದ್ದಾಗ ಒಂದು ಹಳ್ಳದಲ್ಲಿ ಎಷ್ಟು ಹುಡುಕಿದರೂ ರಿಬ್ಬನ್ ಕಾಣಲಿಲ್ಲ. ನನ್ನದೇ ತಪ್ಪು ಅಂದುಕೊಂಡು ಮೂರು ಸಲ ಹೊಸದಾಗಿ ನಡೆದು ಬಂದೆ. ಕೊನೆಗೆ ಪಕ್ಕದ ಹಳ್ಳಕ್ಕೆ ಹೋಗಿ ನೋಡಿದರೆ ರಿಬ್ಬನ್ ಅಲ್ಲಿ ಗಾಳಿಗೆ ಆಡುತ್ತಿತ್ತು. ಎರಡು ಹಳ್ಳವೂ ಅವಳಿಗಳ ಹಾಗೆ ಇದ್ದವು. ಮಧ್ಯಾಹ್ನದ ಬಿಸಿಲಿನಲ್ಲಿ ದಣಿದ ಸೆಟ್ಟರ್ ಒಂದು ಹಳ್ಳ ಮೊದಲೇ ಇಳಿದುಬಿಟ್ಟಿದ್ದರು. ಅವರು ನಲವತ್ತು ವರ್ಷದ ಅನುಭವಿ. ಫೋನ್ ಮಾಡಿ ಹೇಳಿದಾಗ ಸಿಟ್ಟಾಗಲಿಲ್ಲ, "ಇದಕ್ಕೇ ಅಲ್ವಾ ನಿಮ್ಮನ್ನು ಕಳಿಸಿದ್ದು" ಅಂದರು. ಒಂದು ಬಾವುಟ ತಪ್ಪು ಜಾಗದಲ್ಲಿದ್ದರೆ ರಾತ್ರಿಯಿಡೀ ಎಷ್ಟೋ ತಂಡಗಳು ಅಲ್ಲಿ ಬಂದು ಪರದಾಡುತ್ತವೆ. ಯಾರೋ ಒಬ್ಬರು ತಮ್ಮನ್ನೇ ಅನುಮಾನಿಸಿಕೊಂಡು ಇನ್ನಷ್ಟು ದೂರ ಹೋಗಿ ನಿಜವಾಗಿ ಕಳೆದುಹೋಗಬಹುದು. ಹಾಗಾಗಿ ವೆಟ್ಟರ್ ಸರಿ ಅಂದ ಮೇಲೆಯೇ ರಿಬ್ಬನ್ ಇದ್ದ ಕಡೆ ಬಾವುಟ ಬರುತ್ತದೆ.

ಕಾಡು ಯಾರದ್ದು ಅನ್ನುವ ಪ್ರಶ್ನೆ ಇವೆಲ್ಲಕ್ಕಿಂತ ಮೊದಲು ಬರುತ್ತದೆ. ಒಂದು ಆಟದ ಪ್ರದೇಶದಲ್ಲಿ ಸರ್ಕಾರಿ ಅರಣ್ಯ ಇರಬಹುದು, ರಾಷ್ಟ್ರೀಯ ಉದ್ಯಾನದ ಒಂದು ಮೂಲೆ ಇರಬಹುದು, ಹತ್ತು ಹನ್ನೆರಡು ರೈತರ ಜಮೀನು ಇರಬಹುದು. ಇಲಾಖೆಗಳಿಗೆ ಅರ್ಜಿ, ನಕ್ಷೆ, ವಿಮೆಯ ಪತ್ರ ಕೊಡಬೇಕು. ರೈತರ ಮನೆಗೆ ಮಾತ್ರ ನೇರ ಹೋಗಬೇಕು. ಇ-ಮೇಲ್ ಕಳಿಸಿದರೆ ಕೆಲಸ ಆಗುವುದಿಲ್ಲ. ಅಡುಗೆಮನೆ ಮೇಜಿನ ಮುಂದೆ ಕೂತು ಚಹಾ ಕುಡಿಯುತ್ತ ಕುರಿ ಮರಿ ಹಾಕುವ ಕಾಲ ಯಾವುದು, ಹೋರಿ ಕಟ್ಟಿರುವ ಹೊಲ ಯಾವುದು ಅಂತ ಕೇಳಿ ತಿಳಿಯಬೇಕು. ಆ ಜಾಗಗಳನ್ನು ಮ್ಯಾಪಿನಲ್ಲಿ ನಿಷಿದ್ಧ ಅಂತ ಗೆರೆ ಹಾಕಿ ತೋರಿಸಬೇಕು. ಬಿತ್ತಿದ ಹೊಲ, ಬೆಳೆದ ಪೈರು ತುಳಿಯುವಂತಿಲ್ಲ. ಗೇಟು ತೆರೆದಿದ್ದರೆ ತೆರೆದೇ ಬಿಡಬೇಕು, ಮುಚ್ಚಿದ್ದರೆ ಮುಚ್ಚಬೇಕು. ಒಬ್ಬರು ಬೇಲಿ ಜಗ್ಗಿಸಿದರೂ ಆ ರೈತರು ಮುಂದಿನ ವರ್ಷ ಬೇಡ ಅನ್ನುತ್ತಾರೆ, ಅಕ್ಕಪಕ್ಕದವರಿಗೂ ಹೇಳುತ್ತಾರೆ. ಮೂಲನಿವಾಸಿಗಳಿಗೆ ಪವಿತ್ರವಾದ ಜಾಗಗಳಿದ್ದರೆ ಅವುಗಳಿಂದ ದೂರ ಉಳಿಯಬೇಕು, ಅವರನ್ನು ಕೇಳಿಯೇ ಮುಂದುವರಿಯಬೇಕು.

ವಿಕ್ಟೋರಿಯಾದ ಕಾಡುಗಳಲ್ಲಿ ಇನ್ನೊಂದು ಅಪಾಯ ಇದೆ. 1851ರಲ್ಲಿ ಇಲ್ಲಿ ಚಿನ್ನ ಸಿಕ್ಕ ಮೇಲೆ ಬೆಂಡಿಗೊ, ಕಾಸಲ್‌ಮೇನ್ ಸುತ್ತಲಿನ ನೆಲವನ್ನು ಜನ ಅಗೆದು ಬಿಟ್ಟಿದ್ದಾರೆ. ಹಳೇ ಗಣಿ ಗುಂಡಿಗಳು ಇನ್ನೂ ಬಾಯಿ ತೆರೆದುಕೊಂಡಿವೆ. ಕೆಲವಕ್ಕೆ ಬೇಲಿ ಇಲ್ಲ. ಹಗಲಲ್ಲಿ ತಪ್ಪಿಸಿಕೊಳ್ಳಬಹುದು, ರಾತ್ರಿ ಹೆಡ್‌ಲ್ಯಾಂಪಿನ ಬೆಳಕಿನಲ್ಲಿ ಓಡುತ್ತಿದ್ದರೆ? ಹಾಗಾಗಿ ಸೆಟ್ಟರ್ ಗುಂಡಿಗಳು ದಟ್ಟವಾಗಿರುವ ಕಡೆಗೆ ಯಾರೂ ಹೋಗದ ಹಾಗೆ ಬಾವುಟಗಳನ್ನು ಜೋಡಿಸಬೇಕು. ಇನ್ನು ಮಣ್ಣಿನಲ್ಲಿ ಹರಡಿ ಗಿಡಗಳ ಬೇರು ಕೊಳೆಸುವ ಫೈಟೋಫ್ಥೋರಾ ಅನ್ನುವ ರೋಗಾಣು ಇದೆ, ಬೂಟಿಗೆ ಅಂಟಿದ ಕೆಸರಿನ ಜೊತೆ ಒಂದು ಕಾಡಿನಿಂದ ಇನ್ನೊಂದಕ್ಕೆ ಹೋಗುತ್ತದೆ. ಅದಕ್ಕೇ ಬೂಟು ತೊಳೆದೇ ಬರಬೇಕು. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯ, ಹಾವಿನ ಕಾಟವೂ ಜಾಸ್ತಿ. ಹಾಗಾಗಿ ದೊಡ್ಡ ಆಟಗಳೆಲ್ಲ ತಂಪಿನ ತಿಂಗಳುಗಳಲ್ಲೇ. ಬೆಂಕಿ ನಿಷೇಧ ಘೋಷಣೆಯಾದರೆ ತಿಂಗಳುಗಟ್ಟಲೆಯ ಕೆಲಸವನ್ನು ಒಂದೇ ದಿನದಲ್ಲಿ ರದ್ದು ಮಾಡಬೇಕಾಗಬಹುದು.

ದುಡ್ಡಿನ ವಿಷಯ ಸರಳ. ಸದಸ್ಯತ್ವದ ಹಣ, ಆಟದ ಪ್ರವೇಶ ಶುಲ್ಕ, ಇವೇ ಆದಾಯ. ಮ್ಯಾಪ್ ಮುದ್ರಣ, ತಾತ್ಕಾಲಿಕ ಶೌಚಾಲಯದ ಬಾಡಿಗೆ, ವಿಮೆ, ಊಟ, ಇವೇ ಖರ್ಚು. ಕ್ಲಬ್‌ಗೆ ಕಾನೂನಿನ ಚೌಕಟ್ಟೂ ಬೇಕು. ವಿಕ್ಟೋರಿಯಾದಲ್ಲಿ ಸಂಘ ನೋಂದಾಯಿಸಲು ಐದು ಸದಸ್ಯರಾದರೂ ಇರಬೇಕು, ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ಕರೆದು ಲೆಕ್ಕ ಒಪ್ಪಿಸಬೇಕು. ನಮ್ಮೂರಿನ ಸಂಘಗಳಲ್ಲಿ ಕೆಲಸ ಮಾಡಿದವರಿಗೆ ಇದರಲ್ಲಿ ಹೊಸದೇನೂ ಕಾಣುವುದಿಲ್ಲ.

ಬೇಸ್ ಕ್ಯಾಂಪಿಗೆ ಹ್ಯಾಶ್ ಹೌಸ್ ಅನ್ನುತ್ತಾರೆ. 24 ಗಂಟೆಯ ಆಟದಲ್ಲಿ ಸಂಜೆಯಿಂದ ಮರುದಿನ ಆಟ ಮುಗಿಯುವವರೆಗೆ ಇಲ್ಲಿ ಬಿಸಿ ಊಟ ಸಿಗುತ್ತದೆ. ಎಷ್ಟೋ ಸಲ ಈ ಅಡುಗೆಯನ್ನು ಆ ಊರಿನ ಸ್ಕೌಟ್ ಗುಂಪಿಗೋ, ಇನ್ಯಾವುದಾದರೂ ಸ್ಥಳೀಯ ಸಂಸ್ಥೆಗೋ ವಹಿಸುತ್ತಾರೆ. ಉಳಿದ ಹಣ ಅವರಿಗೆ. ಕಾಡಿನ ಸುತ್ತಲಿನ ಊರಿಗೂ ಆಟದಿಂದ ಏನಾದರೂ ಸಿಕ್ಕ ಹಾಗಾಯಿತು. ಸಸ್ಯಾಹಾರ ಸಿಗುತ್ತದಾ ಅಂತ ನಮ್ಮವರು ಮೊದಲು ಕೇಳುತ್ತಾರೆ. ನಾನು ಹೋದ ಕಡೆಯೆಲ್ಲ ಧಾರಾಳವಾಗಿ ಸಿಕ್ಕಿದೆ. ಬಿಸಿ ಊಟಕ್ಕೂ ಕಾವಲಿನ ಗುಣ ಇದೆ. ಚಳಿಯಲ್ಲಿ ನಡುಗುತ್ತ ಇನ್ನೊಂದು ಬಾವುಟಕ್ಕೆ ಹೋಗೋಣ ಅನ್ನುವವರನ್ನು ಸೂಪಿನ ಆಸೆಯೇ ವಾಪಸ್ ಕರೆತರುತ್ತದೆ.

ಇಷ್ಟೆಲ್ಲ ಕೆಲಸಕ್ಕೆ ಜನ ಎಲ್ಲಿಂದ ಬರುತ್ತಾರೆ? ಆಡುವವರಿಂದಲೇ. ಒಂದು ಆಟಕ್ಕೆ ಸೆಟ್ಟರ್ ಆದವರು ಆ ಆಟ ಆಡುವಂತಿಲ್ಲ, ಬಾವುಟ ಎಲ್ಲಿದೆ ಅಂತ ಅವರಿಗೆ ಗೊತ್ತಲ್ಲ. ಅಂದರೆ ಪ್ರತಿ ಆಟಕ್ಕೂ ಒಂದಷ್ಟು ಜನ ತಮ್ಮ ಆಟ ಬಿಟ್ಟುಕೊಡಲೇಬೇಕು. ಯಾವಾಗಲೂ ಅವರೇ ಬಿಟ್ಟುಕೊಟ್ಟರೆ ಎರಡೇ ವರ್ಷದಲ್ಲಿ ಬೇಸತ್ತು ಹೋಗುತ್ತಾರೆ. ಒಂದು ಕ್ಲಬ್ ಬದುಕುವುದೂ ಸೊರಗುವುದೂ ಇದೇ ಒಂದು ಕಡೆ ಅಂತ ನನಗೆ ಅನ್ನಿಸುತ್ತದೆ. ಹಣ ಕಡಿಮೆ ಬಿದ್ದರೆ ಶುಲ್ಕ ಏರಿಸಬಹುದು. ಸೆಟ್ಟರ್ ಸಿಗದಿದ್ದರೆ ಆಟವೇ ಇಲ್ಲ.

ಹಾಗಾಗಿ ಚೆನ್ನಾಗಿ ನಡೆಯುವ ಕ್ಲಬ್‌ಗಳು ಹೊಸಬರನ್ನು ಬೇಗ ಕೆಲಸಕ್ಕೆ ಎಳೆಯುತ್ತವೆ. ಸುಮ್ನೆ "ಯಾರಾದರೂ ಬನ್ನಿ" ಅಂತ ಕರೆದರೆ ಯಾರೂ ಬರುವುದಿಲ್ಲ. "ಭಾನುವಾರ ಮಧ್ಯಾಹ್ನ ಮೂರು ಬಾವುಟ ಬಿಚ್ಚಿಕೊಂಡು ಬರ್ತೀರಾ, ನಿಮ್ಮ ಕಾರಿನ ದಾರಿಯಲ್ಲೇ ಇವೆ" ಅಂತ ಹೆಸರು ಹಿಡಿದು ಕೇಳಿದರೆ ಬರುತ್ತಾರೆ. ನಾನು ಬಂದಿದ್ದು ಹಾಗೆಯೇ. ಆ ಮೇಲೆ ನೀರಿನ ಕ್ಯಾನ್ ಇಡುವ ಕೆಲಸ, ಆಮೇಲೆ ವೆಟ್ಟರ್, ಆಮೇಲೆ ಅನುಭವಿಯೊಬ್ಬರ ಜೊತೆ ಅರ್ಧ ಸೆಟ್ಟರ್. ನಗರದ ಬೀದಿ, ಪಾರ್ಕುಗಳಲ್ಲಿ ನಡೆಸುವ ಮೆಟ್ರೋಗೇನ್ ಅನ್ನುವ ಚಿಕ್ಕ ಆಟವೂ ಇದಕ್ಕೆ ಒಳ್ಳೆಯ ಬಾಗಿಲು. ಮೂರು ನಾಲ್ಕು ಗಂಟೆಯ ಆಟ, ಬಸ್ಸಿನಲ್ಲೂ ಬರಬಹುದು, ಮಕ್ಕಳೂ ಬರುತ್ತಾರೆ. ಹೊಸಬರು ಅಲ್ಲಿ ರುಚಿ ನೋಡಿ ಆಮೇಲೆ ಕಾಡಿಗೆ ಬರುತ್ತಾರೆ. ಹೊಸ ಸೆಟ್ಟರ್‌ಗೂ ಕೈ ಪಳಗಿಸಲು ಇದೇ ಸುಲಭ.

ಕೊನೆಗೆ ಆ ಭಾನುವಾರದ ಮಧ್ಯಾಹ್ನ. ಒಂದು ಸಲ ನಾನು ಮುಗಿಯುವ ಗೆರೆಯ ಹತ್ತಿರ ಪಟ್ಟಿ ಹಿಡಿದು ಕೂತಿದ್ದೆ. 11:50ರಿಂದ ಜನ ಓಡಿ ಬರಲು ಶುರು. ಬಂದವರ ಟ್ಯಾಗ್ ಕತ್ತರಿಸಿ ಪಡೆದು, ಹೆಸರಿನ ಮುಂದೆ ಗೆರೆ ಎಳೆಯುವುದು ನನ್ನ ಕೆಲಸ. ಟ್ಯಾಗ್ ವಾಪಸ್ ಬಂತು ಅಂದರೆ ಆ ಮನುಷ್ಯ ವಾಪಸ್ ಬಂದ ಅಂತ ಲೆಕ್ಕ. 12:30 ಆಯಿತು. ಪಟ್ಟಿಯಲ್ಲಿ ಒಂದು ತಂಡ ಉಳಿಯಿತು. ಇಬ್ಬರು.

ಮೊದಲು ಅವರ ಕಾರು ನೋಡಿದೆವು, ಅಲ್ಲೇ ನಿಂತಿತ್ತು. ಟೆಂಟಿನಲ್ಲಿ ಮಲಗಿದ್ದಾರಾ ಅಂತ ನೋಡಿದೆವು, ಇಲ್ಲ. ಫೋನ್ ಹೋಗಲಿಲ್ಲ. ಆಮೇಲೆ ಸುರಕ್ಷತೆಯ ಹೊಣೆ ಹೊತ್ತಿದ್ದವರು ಗಾಬರಿಯಾಗದೆ ಮ್ಯಾಪ್ ಬಿಡಿಸಿದರು. ಕೆಲವು ಬಾವುಟಗಳ ಹತ್ತಿರ ಒಂದು ಹಾಳೆ ನೇತುಹಾಕಿರುತ್ತಾರೆ. ತಂಡದವರು ಅದರಲ್ಲಿ ತಮ್ಮ ನಂಬರ್, ಬಂದ ಸಮಯ, ಮುಂದೆ ಯಾವ ಬಾವುಟಕ್ಕೆ ಹೋಗುತ್ತೇವೆ ಅಂತ ಬರೆದು ಹೋಗಬೇಕು. ನಡುರಾತ್ರಿಯಲ್ಲಿ ಇದು ಕಿರಿಕಿರಿ ಅನ್ನಿಸುತ್ತದೆ. ಪೆನ್ಸಿಲ್ ಮುರಿದಿರುತ್ತದೆ, ಬೆರಳು ಸೆಟೆದಿರುತ್ತದೆ. ಆ ದಿನ ಕಾರಿನಲ್ಲಿ ಸುತ್ತುತ್ತಿದ್ದ ಗಸ್ತಿನವರಿಗೆ ರೇಡಿಯೋದಲ್ಲಿ ಹೇಳಿದೆವು. ಅವರು ರಸ್ತೆಗೆ ಹತ್ತಿರದ ಎರಡು ಹಾಳೆ ನೋಡಿದರು. ಎರಡನೆಯದರಲ್ಲಿ ಬೆಳಗ್ಗೆ 9:40ಕ್ಕೆ ಆ ತಂಡದ ನಂಬರ್ ಇತ್ತು. ಪಕ್ಕದಲ್ಲಿ ಮುಂದಿನ ಬಾವುಟದ ನಂಬರ್. ನೂರಕ್ಕೂ ಜಾಸ್ತಿ ಚದರ ಕಿಲೋಮೀಟರ್ ಕಾಡು ಆ ಒಂದು ಸಾಲಿನಿಂದ ಎರಡು ಕಿಲೋಮೀಟರ್ ಉದ್ದದ ಒಂದು ಕಣಿವೆಗೆ ಇಳಿಯಿತು.

ಇನ್ನೂ ಸಿಗದಿದ್ದರೆ ಮುಂದಿನ ಹೆಜ್ಜೆ ಪೊಲೀಸರಿಗೆ ಕರೆ. ಇಲ್ಲಿ ಕಾಡಿನ ಹುಡುಕಾಟದ ಹೊಣೆ ಅವರದ್ದು. ಅದು ಬೇಕಾಗಲಿಲ್ಲ. ಒಂದೂಕಾಲಿಗೆ ರೇಡಿಯೋ ಮಾತಾಡಿತು. ಒಬ್ಬರ ಪಾದ ಉಳುಕಿತ್ತು, ಇನ್ನೊಬ್ಬರು ಅವರನ್ನು ಹೆಗಲಿಗೆ ಒರಗಿಸಿಕೊಂಡು ನೀರಿನ ಕ್ಯಾನ್ ಇಟ್ಟಿದ್ದ ಜಾಗಕ್ಕೆ ಮೆಲ್ಲಗೆ ನಡೆಸಿಕೊಂಡು ಬಂದಿದ್ದರು. ಅಲ್ಲೇ ಕೂತು ಕಾಯುತ್ತಿದ್ದರು. ಯಾರಾದರೂ ಬಂದೇ ಬರುತ್ತಾರೆ ಅಂತ ಅವರಿಗೆ ಗೊತ್ತಿತ್ತು, ಯಾಕೆಂದರೆ ಹಿಂದಿನ ವರ್ಷ ಆ ಕೆಲಸ ಅವರೇ ಮಾಡಿದ್ದರು.

ನಾನು ಪಟ್ಟಿಯ ಕೊನೆಯ ಎರಡು ಹೆಸರಿಗೆ ಗೆರೆ ಎಳೆದೆ. ಅಷ್ಟರಲ್ಲಿ ಬಹುಮಾನ ಹಂಚಿ ಮುಗಿದಿತ್ತು, ಕಾರುಗಳು ಹೊರಡುತ್ತಿದ್ದವು. ಒಂದಷ್ಟು ಜನ ಬಾವುಟ ಬಿಚ್ಚಲು ಕಾಡಿಗೆ ಹೋದರು. ಸಂಜೆ ಹೊತ್ತಿಗೆ ಎಲ್ಲ ಬಾವುಟ, ಎಲ್ಲ ಯಂತ್ರ, ಎಲ್ಲ ರಿಬ್ಬನ್ ಎಣಿಸಿ ಟ್ರೈಲರಿಗೆ ತುಂಬಿದೆವು. ಮುಂದಿನ ಆಟದ ಸೆಟ್ಟರ್ ಅಲ್ಲೇ ಇದ್ದರು. ಟ್ರೈಲರ್ ಬೀಗದ ಕೈ ಇಸಿದುಕೊಂಡು, ತಮ್ಮ ಕಾರಿನ ಹಿಂದಕ್ಕೆ ಅದನ್ನು ಕಟ್ಟಿಕೊಂಡು ಹೊರಟರು.